ಟಿವಿಯಲ್ಲಿ ನನ್ನ ಕೈ

ಮಾರ್ಚ್ 5, ಬೂದಿ ಬುಧವಾರ

ಇದನ್ನು ಬರೆಯಬೇಕೆಂದು ನನಗೇನೂ ಆಸೆಯಿರಲಿಲ್ಲ. ಫಾದರ್ ಮಿಕುಸ್ ತಲೆಗೆ ಕಟ್ಟಿದ ಪ್ರಾಯಶ್ಚಿತ್ತ ಇದು. ಇವತ್ತಿನಿಂದ ಈಸ್ಟರ್‌ವರೆಗೆ ಉಪವಾಸದ ದಿನಗಳು. ಬೇರೆಯವರಿಗೆಲ್ಲ ಸಿಹಿ ಬಿಡಿ, ಬಿಯರ್ ಬಿಡಿ ಎನ್ನುತ್ತಾರೆ. ನನಗೆ ಮಾತ್ರ, "ಬರ್ನೀಸ್, ನೀವು ಕೂಗಾಟ ಬಿಡಿ. ಸಿಟ್ಟು ಬಂದ್ರೆ ಮನೆಗೆ ಹೋಗಿ ಬರೀರಿ," ಎಂದರು.

"ಹದಿನೈದಕ್ಕೇ ಶಾಲೆ ಬಿಟ್ಟು ಉಪ್ಪಿನಕಾಯಿ ಕಾರ್ಖಾನೆ ಸೇರ್ದೋಳು ನಾನು, ಫಾದರ್. ನೆಟ್ಟಗೆ ಬರೆಯೋಕೆ ಬರಲ್ಲ."

"ಯಾರೂ ಓದಲ್ಲ. ನಾನೂ ಓದಲ್ಲ."

ಯಾರೂ ಓದದಿದ್ದ ಮೇಲೆ ಕೂಗುವುದೇ ವಾಸಿ ಅಲ್ಲವೇ? ಹಾಗೆ ಕೇಳಿದರೆ ಅದಕ್ಕೂ ಪ್ರಾಯಶ್ಚಿತ್ತ ಕೊಡುತ್ತಾರೆಂದು ಸುಮ್ಮನೆ ಬಂದೆ.

ಎಲ್ಲದಕ್ಕೂ ಕಾರಣ ರೆಜೀನಾ, ತೀರಿಹೋದ ನನ್ನ ಗಂಡ ಲೆನರ್ಡನ ತಂಗಿ. ನನ್ನ ಮೊಮ್ಮಗಳು ಟ್ಯಾರಿನ್ ಪ್ರತಿ ಭಾನುವಾರ ಪೂಜೆ ಮುಗಿಸಿ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದಳು. ಕ್ರಿಸ್‌ಮಸ್ ಆದ ಮೇಲೆ ಬರುವುದು ಬಿಟ್ಟಳು. ಈಗ ಅವಳ ಕಾರು ರೆಜೀನಾಳ ಮನೆಯ ಮುಂದೆ ನಿಂತಿರುತ್ತದೆ. ನಾನೇನೂ ನೋಡಲೆಂದು ಹೋಗಿದ್ದಲ್ಲ. ಆ ದಾರಿಯಲ್ಲಿ ಹಾಲು ತರಲು ಹೋಗುತ್ತೇನೆ. ಹಾಲು ನಮ್ಮ ಬೀದಿಯಲ್ಲೂ ಸಿಗುತ್ತದೆ, ಅದು ಬೇರೆ ವಿಷಯ.

ಕಳೆದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರ ಎದುರಿಗೇ ಹೇಳಿಬಿಟ್ಟೆ: "ಸ್ವಂತ ಮೊಮ್ಮಕ್ಕಳಿಲ್ದೋರು ಬೇರೆಯೋರ ಮೊಮ್ಮಕ್ಕಳನ್ನ ಕದ್ಕೊಂಡು ಹೋಗ್ತಾರೆ." ರೆಜೀನಾ ಟೋಪಿ ಸರಿಮಾಡಿಕೊಂಡು ಇಳಿದು ಹೋದಳು. ಅದನ್ನೇ ಫಾದರ್ ಕೇಳಿಸಿಕೊಂಡದ್ದು.

ಇವತ್ತಿಗೆ ಇಷ್ಟು. ಫಾದರ್ ಹಣೆಗೆ ಹಚ್ಚಿದ ಬೂದಿ ತುರಿಸುತ್ತಿದೆ.

ಮಾರ್ಚ್ 6, ಗುರುವಾರ

ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನಲ್ಲಿ ಮೀನಿನ ಊಟ. ಜೊತೆಗೆ ಪಿಯರೋಗಿ, ನಮ್ಮ ಪೋಲಿಷ್ ಕಡುಬು. ಹಾಗಾಗಿ ಗುರುವಾರ ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಕಣಕ ಲಟ್ಟಿಸಿ, ಆಲೂಗಡ್ಡೆಯ ಹೂರಣ ತುಂಬಿ, ಅಂಚು ಕಟ್ಟುತ್ತೇವೆ. ದೊಡ್ಡ ಮೇಜಿನ ತಲೆಯ ಜಾಗ ನನ್ನದು. ನನ್ನ ಅಮ್ಮ ಕಲಿಸಿದ ಹಾಗೆ ಹಗ್ಗದಂತೆ ಮುರಿಗೆ ಹಾಕುವವಳು ನಾನೊಬ್ಬಳೇ. ರೆಜೀನಾ ಫೋರ್ಕಿನಲ್ಲಿ ಒತ್ತುತ್ತಾಳೆ. ತಟ್ಟೆಯಲ್ಲಿ ಬಿದ್ದ ಪಿಯರೋಗಿ ಯಾರ ಕೈಯದು ಎಂದು ಊರಿನವರಿಗೆ ಅಂಚು ನೋಡಿದರೇ ತಿಳಿಯುತ್ತದೆ.

ಇವತ್ತು ಟಿವಿಯವರು ಬಂದರು. ಸಿಸ್ಟರ್‌ಗಳು ನಡೆಸುವ ನಮ್ಮ ಸೇಂಟ್ ಹೆಡ್ವಿಗ್ ವೃದ್ಧಾಶ್ರಮ ಸರ್ಕಾರದ ಮೇಲೆ ಕೇಸು ಹಾಕಿದೆ. ಕೆಲಸದವರ ಆರೋಗ್ಯ ವಿಮೆಯಲ್ಲಿ ಗರ್ಭ ತಡೆಯುವ ಮಾತ್ರೆಯೂ ಸೇರಬೇಕು ಅನ್ನುತ್ತದೆ ಸರ್ಕಾರ. ಅದು ಪಾಪ, ನಮ್ಮ ಕೈಯಿಂದ ಆಗದು ಅನ್ನುತ್ತಾರೆ ಸಿಸ್ಟರ್‌ಗಳು. ಟ್ಯಾರಿನ್ ಅಲ್ಲೇ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಲೆನರ್ಡ್ ಕೊನೆಯುಸಿರೆಳೆದದ್ದೂ ಅಲ್ಲೇ. ಆ ಸಿಸ್ಟರ್‌ಗಳು ಅವನ ಬೆನ್ನು ತೊಳೆದಷ್ಟು ಅಕ್ಕರೆಯಿಂದ ನಾನೂ ತೊಳೆಯುತ್ತಿರಲಿಲ್ಲ. ಅವರ ಪರವಾಗಿ ಮಾತಾಡಲು ನನಗಿಂತ ಹಕ್ಕಿರುವವರು ಯಾರು?

ಟಿವಿ ಹುಡುಗಿಯ ಹೆಸರು ಬ್ರೂಕ್. ತೆಳ್ಳಗೆ, ಮೂಗು ಕೆಂಪಗೆ. "ಇಲ್ಲಿ ಯಾರು ಮಾತಾಡ್ತೀರಾ?" ಎಂದಳು. ನಾನು ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಬಂದೆ. ಅವಳು ನನ್ನನ್ನು ದಾಟಿ ರೆಜೀನಾಳತ್ತ ನೋಡಿದಳು. "ಅಬ್ಬಾ, ನಿಮ್ಮ ಬಿಳಿ ಗುಂಗುರು ಕೂದಲು ಎಷ್ಟು ಚೆಂದ. ಬರ್ತೀರಾ?"

ರೆಜೀನಾ ಮೆಟ್ಟಿಲ ಹತ್ತಿರ ನಿಂತು ತುಂಬ ಹೊತ್ತು ಮಾತಾಡಿದಳು. ನನಗೆ ಕೇಳಿಸಲಿಲ್ಲ, ಮಿಕ್ಸರ್ ಓಡುತ್ತಿತ್ತು. ಕ್ಯಾಮೆರಾದವನು ಮಾತ್ರ ನನ್ನ ಮುಂದೆ ನಿಂತು ಬಹಳ ಹೊತ್ತು ಚಿತ್ರ ತೆಗೆದ. ನಾನು ಹೊಟ್ಟೆ ಒಳಗೆಳೆದುಕೊಂಡು, ಗಲ್ಲ ಎತ್ತಿ, ಸಿಸ್ಟರ್‌ಗಳು ಹೆಮ್ಮೆಪಡುವ ಹಾಗೆ ಮುಖ ಮಾಡಿಕೊಂಡು ಮುರಿಗೆ ಹಾಕಿದೆ. ಕುತ್ತಿಗೆ ಇನ್ನೂ ನೋಯುತ್ತಿದೆ.

ಮಾರ್ಚ್ 7, ಶುಕ್ರವಾರ

ಕೈ. ಬರೀ ಕೈ ತೋರಿಸಿದರು.

ಕೆಳಗೆ ದೊಡ್ಡ ಅಕ್ಷರದಲ್ಲಿ "ಸನ್ಯಾಸಿನಿಯರ ಬೆನ್ನಿಗೆ ನಿಂತ ಭಕ್ತೆಯರು". ಮೊದಲು ರೆಜೀನಾಳ ಮುಖ. ಆಮೇಲೆ ನನ್ನ ಕೈಗಳು, ಕಾರ್ಖಾನೆಯಲ್ಲಿ ತುದಿ ಹೋದ ನಡುಬೆರಳು ಸಮೇತ. ಅದರ ಮೇಲೆ ರೆಜೀನಾಳ ದನಿ: "ಆ ಸಿಸ್ಟರ್‌ಗಳು ನಮ್ಮಣ್ಣನ್ನ ಮಗು ಥರ ನೋಡ್ಕೊಂಡ್ರು. ಅವರ ಮನಸ್ಸಿಗೆ ವಿರುದ್ಧವಾದ್ದನ್ನ ಅವರ ಕೈಲಿ ಮಾಡಿಸ್ಬಾರ್ದು." ಅಷ್ಟೇ. ಮುಗಿಯಿತು.

ಅವಳ ಅಣ್ಣ ಅಂದರೆ ನನ್ನ ಗಂಡ. ನನ್ನ ಗಂಡನ ಸಾವನ್ನೂ ಅವಳೇ ಹೇಳಿಬಿಟ್ಟಳು. ನನ್ನ ಪಾಲಿಗೆ ಹಿಟ್ಟು.

ಮೀನಿನ ಊಟಕ್ಕೆ ಬಂದವರೆಲ್ಲ ರೆಜೀನಾಳ ಕೈ ಕುಲುಕಿದರು. ಒಬ್ಬ ನನ್ನ ಹತ್ತಿರ ಬಂದು, "ಬರ್ನೀಸ್, ನಿನ್ನ ಬೆರಳು ನೋಡ್ದೆ. ನೀನೇ ಅಂತ ಗೊತ್ತಾಯ್ತು," ಎಂದ. ಅವನ ತಟ್ಟೆಗೆ ಒಡೆದ ಪಿಯರೋಗಿ ಹಾಕಿದೆ.

ಮಾರ್ಚ್ 9, ಭಾನುವಾರ

ಬೆಣ್ಣೆಯಲ್ಲಿ ಎಲೆಕೋಸು ಹುರಿದು ನೂಡಲ್ಸ್ ಮಾಡಿದೆ, ಟ್ಯಾರಿನ್‌ಗೆ ಇಷ್ಟ ಎಂದು. ಬರಲಿಲ್ಲ. ಫೋನ್ ಮಾಡಿದೆ.

"ನಿನ್ನ ಕೈ ನೋಡ್ದೆ ಬುಶಾ, ಟಿವಿಲಿ," ಎಂದಳು. ಚಿಕ್ಕಂದಿನಿಂದ ನನ್ನನ್ನು ಬುಶಾ ಎಂದೇ ಕರೆಯುವುದು, ಇಲ್ಲಿನ ಪೋಲಿಷ್ ಮನೆಗಳಲ್ಲಿ ಅಜ್ಜಿಯನ್ನು ಕರೆಯುವ ಹಾಗೆ. ಇವತ್ತು ಮಾತ್ರ ಆ ಬುಶಾ ತಣ್ಣಗಿತ್ತು.

"ನೋಡು ಮತ್ತೆ, ಮುಖಾನೇ ತೋರಿಸ್ಲಿಲ್ಲ. ಅಷ್ಟು ಹೊತ್ತು ನಿಲ್ಸಿ ಬರೀ ಕೈ. ನಿನ್ನ ರೆಜೀನಾ ಮಾತ್ರ ಸಿನಿಮಾದೋಳ ಥರ ನಿಂತಿದ್ಲು."

ಅವಳು ನಕ್ಕಳು. ಒಳ್ಳೆಯ ನಗುವಲ್ಲ. "ನಿಂಗೆ ಅದೊಂದೇ ಬೇಜಾರಾ ಬುಶಾ?"

"ಇನ್ನೇನಿದೆ ಬೇಜಾರು ಮಾಡ್ಕೊಳ್ಳೋಕೆ?"

"ಏನಿಲ್ಲ. ಸುಸ್ತಾಗಿದೆ, ಮಲಗ್ತೀನಿ."

ಇಪ್ಪತ್ತಮೂರು ವರ್ಷದ ಹುಡುಗಿಗೆ ಹಗಲು ಹೊತ್ತಿನಲ್ಲಿ ಎಂಥ ಸುಸ್ತು? ಹಾಲು ತರಲು ಹೋದೆ. ಅವಳ ಕಾರು ಅಲ್ಲೇ ಇತ್ತು, ರೆಜೀನಾಳ ಮನೆಯ ಮುಂದೆ. ಸೋಫಾದ ಮೇಲೆ ಮಲಗಿರಬೇಕು. ಹೊದಿಕೆಯನ್ನೂ ರೆಜೀನಾಳೇ ಹೊದಿಸಿರಬೇಕು. ನೂಡಲ್ಸ್ ಪಕ್ಕದ ಮನೆಯ ನಾಯಿಗೆ ಹಾಕಿದೆ.

ಮಾರ್ಚ್ 12, ಬುಧವಾರ

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಕಾಯುವ ಕೋಣೆಯಲ್ಲಿ ಟಿವಿ, ಇಡೀ ದೇಶಕ್ಕೆ ತೋರಿಸುವ ದೊಡ್ಡ ಚಾನೆಲ್. ನೋಡುತ್ತೇನೆ, ಮತ್ತೆ ರೆಜೀನಾ. ನಮ್ಮೂರ ಚಾನೆಲ್‌ನಿಂದ ತೆಗೆದುಕೊಂಡದ್ದಂತೆ. ಅದೇ ಮೆಟ್ಟಿಲು, ಅದೇ ಸ್ವೆಟರ್. ಕೆಳಗಿನ ಅಕ್ಷರ ಮಾತ್ರ ಬೇರೆ: "ಚರ್ಚಿನೊಳಗಿಂದಲೇ ಬಂಡಾಯ".

"ನಮ್ಮ ಹುಡುಗೀನೇ ಒಬ್ಳು ಅಲ್ಲಿ ಕೆಲಸ ಮಾಡ್ತಾಳೆ," ಎನ್ನುತ್ತಿದ್ದಳು ರೆಜೀನಾ. "ರಕ್ತ ಹೋಗೋಕೆ ಶುರುವಾದ್ರೆ ನಿಲ್ಲಲ್ಲ, ಎದ್ದು ನಿಲ್ಲೋಕಾಗಲ್ಲ. ಅವಳಿಗೆ ಆ ಮಾತ್ರೆ ಔಷಧಿ. ಅದನ್ನ ಕೊಡಲ್ಲ ಅಂದ್ರೆ ಹೇಗೆ?" ಅದಾದ ಮೇಲೆ, ನನ್ನ ಕೈ. ಅದೇ ಮುರಿಗೆ, ಅದೇ ಬೆರಳು. ಹೋದ ವಾರ ಭಕ್ತಿಯ ಕೈ, ಈ ವಾರ ತುಳಿತಕ್ಕೆ ಸಿಕ್ಕ ಹೆಂಗಸಿನ ಕೈ.

ಒಂದಲ್ಲ, ಎರಡು ಚಾನೆಲ್ ಅವಳಿಗೆ. ಹಲ್ಲು ಕಡಿದೆ. ಡಾಕ್ಟರ್ ನೋಡಿ, "ಹೀಗೆ ಕಡಿದ್ರೆ ಇದೂ ಹೋಗತ್ತೆ," ಎಂದ.

ಮನೆಗೆ ಬರುವಾಗ ಕಾರಿನಲ್ಲಿ ಒಂದೇ ಯೋಚನೆ. ಯಾವ ಹುಡುಗಿ?

ಮಾರ್ಚ್ 13, ಗುರುವಾರ

ಇವತ್ತು ನೆಲಮಾಳಿಗೆಯಲ್ಲಿ ಮೇಜು ಎರಡಾಗಿತ್ತು. ಹೋದ ಶುಕ್ರವಾರ ರೆಜೀನಾಳ ಕೈ ಕುಲುಕಿದವರೇ ಇವತ್ತು ಅವಳ ಪಕ್ಕದ ಕುರ್ಚಿ ಖಾಲಿ ಬಿಟ್ಟಿದ್ದರು. ನಮ್ಮ ಜೊತೆ ಅಂಚು ಕಟ್ಟುವ ಕ್ಲಾರಾ ಅಂತೂ ಅವಳಿಗೆ ಕೇಳಿಸುವ ಹಾಗೇ, "ಕೆಲವರಿಗೆ ಒಂದು ನಾಲಿಗೆ ಸಾಲಲ್ಲ," ಎಂದಳು. ನನಗೆ ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು.

ರೆಜೀನಾಳನ್ನು ತಣ್ಣಗಿನ ಸಾಮಾನು ಕೋಣೆಗೆ ಕರೆದುಕೊಂಡು ಹೋದೆ.

"ಯಾವ ಹುಡುಗಿ?"

"ನಿಂಗೆ ನಿಜವಾಗ್ಲೂ ಗೊತ್ತಿಲ್ವಾ ಬರ್ನೀಸ್?"

"ಗೊತ್ತಿದ್ರೆ ಕೇಳ್ತಿದ್ನಾ?"

"ಟ್ಯಾರಿನ್ ಕಣೇ. ಹೊಟ್ಟೇಲಿ ಗಡ್ಡೆ ಥರ ಇದೆಯಂತೆ. ಡಾಕ್ಟರು ಆ ಮಾತ್ರೇನೇ ಬರ್ಕೊಟ್ಟಿರೋದು. ಆಶ್ರಮದ ವಿಮೇಲಿ ಸಿಗಲ್ಲ. ಕೈಯಿಂದ ದುಡ್ಡು ಹಾಕಿ ತಗೋತಿದ್ಲು, ಆಮೇಲೆ ಬಿಟ್ಟು ಬಿಟ್ಟು ತಗೊಂಡ್ಲು. ಜನವರೀಲಿ ನಮ್ಮನೆ ಬಚ್ಚಲಲ್ಲಿ ಬಿದ್ಲು."

ಆಲೂಗಡ್ಡೆ ಮೂಟೆಯ ಮೇಲೆ ಕುಳಿತೆ. ಮೊದಲು ಬಾಯಿಗೆ ಬಂದದ್ದು ಇದು: "ನಿಂಗ್ಯಾಕೆ ಹೇಳಿದ್ಲು? ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ನೀನು ಸಿಸ್ಟರ್‌ಗಳ ಮೇಲೆ ಹೋಗಿ ಕೂಗಾಡ್ತಿದ್ದೆ, ಇಲ್ಲಾಂದ್ರೆ ಅವಳ ಮೇಲೆ ಕೂಗಾಡ್ತಿದ್ದೆ. ಎರಡರಲ್ಲಿ ಯಾವ್ದು ಅಂತ ಅವಳಿಗೆ ಗೊತ್ತಾಗ್ಲಿಲ್ಲ."

"ಟಿವಿಯೋರಿಗೆ ಹೇಳ್ದೆ, ನಂಗೆ ಹೇಳ್ಲಿಲ್ಲ ನೀನು."

"ಹೆಸರು ಹೇಳ್ಲಿಲ್ಲ. ಆದ್ರೂ ತಪ್ಪೇ. ಅವಳ ಹತ್ರ ಕ್ಷಮೆ ಕೇಳ್ದೆ." ರೆಜೀನಾ ಕಣ್ಣೊರೆಸಿಕೊಂಡಳು. "ನಾನು ಎರಡೂ ಒಟ್ಟಿಗೇ ಹೇಳಿದ್ದೆ ಬರ್ನೀಸ್. ಸಿಸ್ಟರ್‌ಗಳೂ ನಮ್ಮೋರು, ಹುಡುಗೀನೂ ನಮ್ಮೋಳು, ಏನಾದ್ರೂ ದಾರಿ ಹುಡುಕಿ ಅಂತ. ಕತ್ತರಿಸಿ ಅರ್ಧರ್ಧ ಹಂಚ್ಕೊಂಡ್ರು."

ವಾಪಸು ಹೋಗಿ ಅಂಚು ಕಟ್ಟಿದೆ. ಕೈ ಜೋರಾಯಿತೋ ಏನೋ, ಬೇಯಿಸುವಾಗ ನನ್ನವೆಲ್ಲ ಒಡೆದು ನೀರು ಗಂಜಿಯಾಯಿತು. ಈ ಮೇಜಿಗೆ ಕೂತ ಮೇಲೆ ಹೀಗಾಗಿದ್ದು ಇದೇ ಮೊದಲು. ಫೋರ್ಕಿನಲ್ಲಿ ಒತ್ತಿದವು ಒಂದೂ ಒಡೆಯಲಿಲ್ಲ.

ಮಾರ್ಚ್ 14, ಶುಕ್ರವಾರ

ಬರೆಯುವುದಕ್ಕೆ ಏನೂ ಇಲ್ಲ. ರೆಜೀನಾಳ ಮನೆಯ ಬಚ್ಚಲಲ್ಲಿ ಬಿದ್ದಳಂತೆ. ಬೀಳುವುದಾದರೂ ನನ್ನ ಮನೆಯಲ್ಲಿ ಬೀಳಬಾರದಿತ್ತೇ?

ಮಾರ್ಚ್ 18, ಮಂಗಳವಾರ

ಆಶ್ರಮಕ್ಕೆ ಹೋದೆ. ಕೂಗಾಡಲೆಂದೇ ಹೋದದ್ದು. ಇಲ್ಲಿ ಸುಳ್ಳು ಬರೆದು ಏನಾಗಬೇಕು. ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ.

ದೊಡ್ಡ ಸಿಸ್ಟರ್ ಇಮೆಲ್ಡಾ ಒಬ್ಬ ಮುದುಕನ ಕಟ್ಟಿಸಿದ ಹಲ್ಲು ತೊಳೆಯುತ್ತಿದ್ದರು. "ಬನ್ನಿ ಬರ್ನೀಸ್. ಟಿವಿಲಿ ನನ್ನ ಮುಖ ನೋಡಿದ್ರಾ? ರಾಕ್ಷಸಿ ಥರ ಕಾಣಿಸ್ತೀನಿ."

"ನೋಡ್ದೆ. ಹುಬ್ಬು ಗಂಟು ಹಾಕಿದ್ರಿ."

"ಹಿಮದ ಮೇಲಿನ ಬಿಸಿಲು ಕಣ್ಣಿಗೆ ಹೊಡೀತಿತ್ತು. ಅದನ್ನೇ ಹಾಕಿ, ಕೆಳಗೆ 'ಮಣಿಯುವುದಿಲ್ಲ' ಅಂತ ಬರೆದ್ರು. ನಾನು ಇನ್ನೂ ಬಾಯೇ ತೆರೆದಿರ್ಲಿಲ್ಲ."

ನಗು ಬಂತು. ನಗಬಾರದೆಂದು ಕೆಮ್ಮಿದೆ. ಆಮೇಲೆ ಕೇಳಿದೆ, "ಸಿಸ್ಟರ್, ಆ ಮಾತ್ರೇನ ಬೇರೆ ಕಾಯಿಲೆಗೂ ಕೊಡ್ತಾರಂತಲ್ಲ. ಅದಕ್ಕಾದ್ರೆ?"

"ಕಾಯಿಲೆಗೆ ತಗೊಳ್ಳೋದು ಪಾಪ ಅಲ್ಲ ಬರ್ನೀಸ್. ಚರ್ಚೂ ಬೇಡ ಅನ್ನಲ್ಲ. ಅಂಥೋರು ಬಂದು ಹೇಳಿದ್ರೆ ನಾವೇ ಡಾಕ್ಟರ ಚೀಟಿ ನೋಡಿ ಏನಾದ್ರೂ ಮಾಡ್ತೀವಿ. ಯಾರೂ ಬರಲ್ಲ."

"ಬಂದು ನಿಮ್ಮೆದುರಿಗೆ ನಿಂತು ಹೊಟ್ಟೆ ಕೆಳಗಿನ ಕಥೆ ಹೇಳ್ಬೇಕಲ್ಲ, ಯಾರು ಬರ್ತಾರೆ?" ಎಂದೆ. ಸ್ವಲ್ಪ ಜೋರಾಗಿಯೇ ಅಂದೆ. ಸಿಸ್ಟರ್ ನಲ್ಲಿ ನಿಲ್ಲಿಸಿ ನನ್ನನ್ನೇ ನೋಡಿದರು.

"ಯಾರಾದ್ರೂ ಇದ್ದಾರಾ?"

ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿದೆ. "ಸುಮ್ನೆ ಕೇಳ್ದೆ," ಎಂದು ಬಂದುಬಿಟ್ಟೆ. ವಯಸ್ಸಾಯಿತು, ಮೊದಲಿನ ಧೈರ್ಯ ಇಲ್ಲ.

ಬರುವಾಗ ಕಿಟಕಿಯಿಂದ ಟ್ಯಾರಿನ್ ಕಾಣಿಸಿದಳು. ಒಬ್ಬ ಮುದುಕಿಗೆ ಗಂಜಿ ತಿನ್ನಿಸುತ್ತ, ಅವಳು ಬಾಯಿ ತೆರೆದಾಗ ತಾನೂ ಬಾಯಿ ತೆರೆಯುತ್ತಿದ್ದಳು. ಆ ಮುದುಕಿಯನ್ನು ಕಂಡರೂ ನನಗೆ ಹೊಟ್ಟೆ ಉರಿಯಿತು.

ಮಾರ್ಚ್ 25, ಮಂಗಳವಾರ

ವಾಷಿಂಗ್ಟನ್ನಿನ ದೊಡ್ಡ ಕೋರ್ಟಿನಲ್ಲಿ ಇವತ್ತು ಇಂಥದ್ದೇ ಇನ್ನೊಂದು ಕೇಸಿನ ವಾದ. ಎಲ್ಲ ಚಾನೆಲ್‌ನಲ್ಲೂ ಅದೇ. ಮಧ್ಯಾಹ್ನ ಬ್ರೂಕ್ ಫೋನ್ ಮಾಡಿದಳು. "ಮಿಸೆಸ್ ಗೋರ್ಸ್ಕಿ, ಗುರುವಾರ ನಿಮ್ಮನ್ನೇ ಮಾತಾಡ್ಸಬೇಕು ಅಂತಿದೀವಿ. ಮುಖ ತೋರಿಸ್ತೀವಿ."

"ಮುಖ ಬೇಕೇನಮ್ಮ ಈಗ?" ಎಂದೆ. ಆದರೂ ಒಪ್ಪಿದೆ. ಕೂದಲು ಸುರುಳಿ ಮಾಡಿಸಿಕೊಂಡು ಬಂದೆ. ರೆಜೀನಾಳದಕ್ಕಿಂತ ದಟ್ಟವಾಗಿದೆ ಎಂದಳು ಕೂದಲಿನವಳು. ನಾನು ಕೇಳಿದ ಮೇಲೆ ಎಂದಳು.

ರೆಜೀನಾ ಬರಲ್ಲ ಅಂದದ್ದಕ್ಕೆ ನನ್ನನ್ನು ಕೇಳಿದ್ದಾರೆ ಎಂದು ಸಂಜೆಗೆ ಹೊಳೆಯಿತು. ಹೊಳೆದರೇನು. ಲೆನರ್ಡನ ಮಾತು ನಾನೇ ಹೇಳುತ್ತೇನೆ.

ಮಾರ್ಚ್ 27, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ರೆಜೀನಾ ಟ್ಯಾರಿನ್‌ಳನ್ನೂ ಕರೆದುಕೊಂಡು ಬಂದಳು. ಹುಡುಗಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು. ಒಲೆಯ ಪಕ್ಕ ಹಿಟ್ಟಿನ ಚೀಲದ ಮೇಲೆ ಹೊಟ್ಟೆ ಹಿಡಿದು ಕುಳಿತಳು. ಮುಖದಲ್ಲಿ ರಕ್ತವೇ ಇಲ್ಲ. ನನ್ನನ್ನು ನೋಡಿ ಕೈ ಎತ್ತಿದಳು. ನಾನೂ ಎತ್ತಿದೆ. ಮಾತಾಡೋಣ ಎನ್ನುವಷ್ಟರಲ್ಲಿ ಬ್ರೂಕ್ ಬಂದು ನನ್ನ ಕಾಲರಿಗೆ ಮೈಕು ಸಿಕ್ಕಿಸಿದಳು. ಬಲ್ಬು ಹತ್ತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೆನ್ನಾಗಿತ್ತು.

"ನೀವು ಯಾರ ಕಡೆ, ಮಿಸೆಸ್ ಗೋರ್ಸ್ಕಿ? ಚಿಕ್ಕದಾಗಿ, ಒಂದೇ ಮಾತಲ್ಲಿ ಹೇಳಿ."

"ನನ್ನ ಗಂಡ ಲೆನರ್ಡ್..."

"ಗಂಡನ ವಿಷಯ ಆಮೇಲೆ. ಯಾರ ಕಡೆ?"

ಅಷ್ಟರಲ್ಲಿ ಅವಳ ಕಣ್ಣು ನನ್ನ ಭುಜದ ಮೇಲಿಂದ ಆಚೆ ಹೋಯಿತು. ಟ್ಯಾರಿನ್‌ಳ ಕೊರಳಲ್ಲಿ ಆಶ್ರಮದ ಗುರುತಿನ ಚೀಟಿ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು. "ಅವ್ರು ಅಲ್ಲಿ ಕೆಲಸ ಮಾಡೋರಾ? ಹುಷಾರಿಲ್ವಾ? ರೆಜೀನಾ ಹೇಳಿದ ಹುಡುಗಿ..." ಎಂದು ಕ್ಯಾಮೆರಾದವನಿಗೆ ಸನ್ನೆ ಮಾಡಿದಳು. ಅವನು ಕ್ಯಾಮೆರಾ ತಿರುಗಿಸಿದ. ಟ್ಯಾರಿನ್ ಗೋಡೆಗೆ ಒತ್ತಿಕೊಂಡು, "ಬುಶಾ," ಎಂದಳು.

ರೆಜೀನಾ ಅವಳ ಪಕ್ಕದಲ್ಲೇ ಇದ್ದಳು. ಹುಡುಗಿ ಕರೆದದ್ದು ನನ್ನನ್ನು.

ಕಣಕ ಮೆತ್ತಿದ ಕೈಯನ್ನು ಹಾಗೇ ಕ್ಯಾಮೆರಾದ ಕಣ್ಣಿಗೆ ಒತ್ತಿದೆ. ಚೆನ್ನಾಗಿ ಒತ್ತಿದೆ, ಅಂಚು ಕಟ್ಟುವ ಹಾಗೆ. ಕ್ಯಾಮೆರಾದವನು, "ಅಮ್ಮಾ, ಅಮ್ಮಾ, ಲೆನ್ಸು," ಎನ್ನುತ್ತಿದ್ದ.

"ಒರೆಸ್ಕೊಂಡು ಹೋಗಪ್ಪ. ಅವಳು ನನ್ನ ಮೊಮ್ಮಗಳು, ನಿಮ್ಮ ಸುದ್ದಿ ಅಲ್ಲ."

ಕೂಗಲಿಲ್ಲ. ಅದನ್ನು ಫಾದರ್‌ಗೆ ಹೇಳಬೇಕು.

ಮಾರ್ಚ್ 28, ಶುಕ್ರವಾರ

ಮತ್ತೆ ನನ್ನ ಕೈ. ಈ ಸಲ ಇಡೀ ಪರದೆ ತುಂಬ. ನಮ್ಮೂರ ಚಾನೆಲ್: "ಚರ್ಚಿನ ನೆಲಮಾಳಿಗೆಯಲ್ಲಿ ಬಿಗುವಿನ ವಾತಾವರಣ". ದೊಡ್ಡ ಚಾನೆಲ್: "ಹೆಣ್ಣಿನ ದನಿ ಅಡಗಿಸುವ ಕೈ". ಎರಡರಲ್ಲೂ ನಡುಬೆರಳು ಸ್ಪಷ್ಟವಾಗಿ ಕಾಣುತ್ತದೆ. ಹುಡುಗಿಯ ಮುಖ ಎಲ್ಲೂ ಇಲ್ಲ. ಎರಡೆರಡು ಸಲ ನೋಡಿ ಖಚಿತ ಮಾಡಿಕೊಂಡೆ.

ಫಾದರ್ ಮೀನು ತಿನ್ನುತ್ತ, "ಸಿಟ್ಟನ್ನ ಬರೆದ್ರಾ?" ಎಂದರು.

"ಅದು ಸಿಟ್ಟಲ್ಲ ಫಾದರ್."

"ಮತ್ತೇನು?"

"ಗೊತ್ತಿಲ್ಲ. ಮೀನು ತಣ್ಣಗಾಗ್ತಿದೆ, ತಿನ್ನಿ."

ಮಾರ್ಚ್ 30, ಭಾನುವಾರ

ಟ್ಯಾರಿನ್ ಬಂದಳು. ಜೊತೆಗೆ ರೆಜೀನಾಳೂ. ಅವಳನ್ನು ನಾನು ಕರೆದಿರಲಿಲ್ಲ. ತಟ್ಟೆ ಇಟ್ಟೆ, ಏನು ಮಾಡುವುದು.

ಹುಡುಗಿ ನೂಡಲ್ಸ್ ಎರಡು ಸಲ ಹಾಕಿಸಿಕೊಂಡಳು. ಮಾತ್ರೆಯ ಮಾತು ಯಾರೂ ಎತ್ತಲಿಲ್ಲ. ಊಟವಾದ ಮೇಲೆ ಮತ್ತೆ ನೋವು ಶುರುವಾಗಿ ಮೇಜಿನ ಮೇಲೆ ತಲೆ ಇಟ್ಟಳು. "ಮಾತ್ರೆ ಮುಗಿದಿದೆ ಬುಶಾ. ಅಂಗಡಿಗೆ ಬಂದಿದೆಯಂತೆ, ತರ್ಬೇಕು."

ಕಾರು ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ರೆಜೀನಾ, ಅವಳ ತೊಡೆಯ ಮೇಲೆ ಹುಡುಗಿಯ ತಲೆ. ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ರೆಜೀನಾ ಕೂದಲು ನೇವರಿಸುತ್ತಿದ್ದಳು. ಎರಡು ಸಲ ಬೇಕೆಂದೇ ಗುಂಡಿಗೆ ಇಳಿಸಿದೆ. ಹುಡುಗಿ ನರಳಿದ ಮೇಲೆ ನಿಧಾನ ಓಡಿಸಿದೆ.

ಔಷಧಿ ಅಂಗಡಿಯಲ್ಲಿ ಪೂಜೆ ಮುಗಿಸಿ ಬಂದ ಅರ್ಧ ಚರ್ಚು ಸಾಲಿನಲ್ಲಿತ್ತು. ನನ್ನ ಸರದಿ ಬಂತು. "ಗೋರ್ಸ್ಕಿ," ಎಂದೆ, ಟ್ಯಾರಿನ್ ಹುಟ್ಟಿದ ತಾರೀಖು ಮೆಲ್ಲಗೆ ಹೇಳಿದೆ. ಹುಡುಗ ಪೊಟ್ಟಣ ಕೊಟ್ಟ. ಹೆಸರಿರುವ ಕಡೆಯನ್ನು ಎದೆಗೆ ಒತ್ತಿಕೊಂಡು ತಿರುಗಿದರೆ, ಹಿಂದೆ ಕ್ಲಾರಾ.

"ಏನಾಯ್ತು ಬರ್ನೀಸ್? ಯಾರಿಗೆ ಔಷಧಿ? ಕಾರಲ್ಲಿರೋದು ಟ್ಯಾರಿನ್ ಅಲ್ವಾ? ಆ ಹುಡುಗಿ ಯಾಕೋ ಇಳಿದುಹೋಗಿದಾಳೆ, ಟಿವಿಲಿ ಹೇಳಿದ್ದು ಅವಳದ್ದೇನಾ?"

ಸಾಲಿನವರೆಲ್ಲ ಕಿವಿ ನೆಟ್ಟಗೆ ಮಾಡಿದರು.

"ಇದಾ? ಮಕ್ಕಳಾಗ್ದಿರೋ ಮಾತ್ರೆ," ಎಂದೆ. "ನಂಗೆ."

"ನಿಂಗಾ? ಎಪ್ಪತ್ತನಾಲ್ಕು ವರ್ಷ ನಿಂಗೆ."

"ಅದಕ್ಕೇ. ಈ ವಯಸ್ಸಲ್ಲಿ ಮಗು ಆದ್ರೆ ಯಾರು ಸಾಕ್ತಾರೆ, ನೀನಾ?"

ಕೌಂಟರಿನ ಹುಡುಗ ಬಗ್ಗಿ ಏನೋ ಹುಡುಕತೊಡಗಿದ. ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಟಿವಿಯವರೂ ಬರಲಿ, ಈ ಸಲ ಮುಖ ತೋರಿಸಿಯೇ ಹೇಳುತ್ತೇನೆ.

ಕಾರಿಗೆ ಬಂದು ಪೊಟ್ಟಣವನ್ನು ಹಿಂದಕ್ಕೆ ಕೊಟ್ಟೆ. ಟ್ಯಾರಿನ್ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದುಕೊಂಡಳು, ಮೊಂಡು ಬೆರಳನ್ನೇ. ತಲೆ ಮಾತ್ರ ಇನ್ನೂ ರೆಜೀನಾಳ ತೊಡೆಯ ಮೇಲೇ ಇತ್ತು.

ಮುಂದಿನ ಸಲ ಔಷಧಿ ತರಲು ರೆಜೀನಾ ಇಳಿದು ಹೋಗಲಿ. ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ.